ಮುಗಿಯುವ ಆಟದ ನೆಮ್ಮದಿ

ಮೊಬೈಲ್ ಆಟವೆಂದೊಡನೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಗುಂಡಿನ ಸದ್ದು, ಓಡುವ ಗಡಿಯಾರ, ಊಟಕ್ಕೆ ಕರೆದರೂ ಓಗೊಡದ ಮಕ್ಕಳು, ಇವೇ ಕಣ್ಮುಂದೆ ಬರುತ್ತವೆ. ಆದರೆ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಲಂಡನ್ನಿನ ‘ಅಸ್‌ಟೂ ಗೇಮ್ಸ್’ ಸಂಸ್ಥೆಯು 2014ರ ಏಪ್ರಿಲ್‌ನಲ್ಲಿ ಹೊರತಂದ ‘ಮಾನ್ಯುಮೆಂಟ್ ವ್ಯಾಲಿ’ ಬೇರೆಯೇ ಬಗೆಯದು.

ಬಿಳಿಯುಡುಪಿನ ಐಡಾ ಎಂಬ ಪುಟ್ಟ ರಾಜಕುಮಾರಿ ನಿರ್ಜನ ಗೋಪುರ, ಸೇತುವೆ, ಮೆಟ್ಟಿಲುಗಳ ನಡುವೆ ಮೌನವಾಗಿ ನಡೆಯುತ್ತಾಳೆ. ಆಡುವವರು ಬೆರಳಿನಿಂದ ತೋರಿದೆಡೆಗೆ ಹೋಗುತ್ತಾಳೆ. ದಾರಿ ಕಡಿದಿದ್ದರೆ ಕಟ್ಟಡದ ಒಂದು ಭಾಗವನ್ನು ಮೆಲ್ಲನೆ ತಿರುಗಿಸಬೇಕು. ಆಗ ದೂರವಿದ್ದ ಎರಡು ಅಂಚುಗಳು ನೋಟಕ್ಕೆ ಒಂದನ್ನೊಂದು ತಾಗಿದಂತೆ ಕಂಡರೆ ಸಾಕು, ಅವು ನಿಜವಾಗಿಯೇ ಕೂಡಿ ದಾರಿಯಾಗುತ್ತವೆ! ಹಾಲೆಂಡಿನ ಚಿತ್ರಕಾರ ಎಂ. ಸಿ. ಎಶರ್, ಎಷ್ಟು ಏರಿದರೂ ಹೊರಟಲ್ಲಿಗೇ ಮರಳುವ ಮೆಟ್ಟಿಲುಗಳನ್ನು 1960ರಲ್ಲಿ ಚಿತ್ರಿಸಿದ್ದರು. ಅಂತಹ ಕಣ್ಕಟ್ಟೇ ಈ ಆಟದ ಜೀವಾಳ.

ಇಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹಿತಕರ. ಅಂಕಗಳಿಲ್ಲ, ಕಾಲಮಿತಿಯಿಲ್ಲ, ಸೋಲೂ ಇಲ್ಲ. ಕಾಗೆಯ ರೂಪದ ಜನರು ದಾರಿಗೆ ಅಡ್ಡನಿಂತು ಕಿರುಚುತ್ತಾರೆಯೇ ಹೊರತು ಹಾನಿ ಮಾಡುವುದಿಲ್ಲ. ತಪ್ಪಿಗೆ ದಂಡವಿಲ್ಲದ ಕಾರಣ ಮನಸ್ಸಿಗೆ ಅವಸರವಿಲ್ಲ. ಚುಕ್ಕಿಯಿಟ್ಟು ರಂಗೋಲಿಯ ಎಳೆ ಕೂಡಿಸುವವರು ಈ ಸ್ಥಿತಿಯನ್ನು ಬಲ್ಲರು: ಗಮನ ಒಂದೆಡೆ ನಿಂತಿರುತ್ತದೆ, ಆದರೆ ಬಿಗಿದುಕೊಂಡಿರುವುದಿಲ್ಲ.

ಆಟದಲ್ಲಿದ್ದುದು ಹತ್ತೇ ಅಧ್ಯಾಯ. ಹೆಚ್ಚೆಂದರೆ ಎರಡು ತಾಸಿನಲ್ಲಿ ಮುಗಿಯಿತು. ಹಣ ಕೊಟ್ಟವರು ಕೆಲವರು ‘ಇಷ್ಟೇಯೇ?’ ಎಂದು ಗೊಣಗಿದರು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಅಧ್ಯಾಯಗಳಿಗೆ ಮತ್ತೆ ಬೆಲೆಯಿಟ್ಟಾಗ ಸಿಟ್ಟಿಗೆದ್ದು ಒಂದೇ ನಕ್ಷತ್ರ ಕೊಟ್ಟವರೂ ಉಂಟು. ನನಗಾದರೋ ಈ ಕಿರಿದಾದ ಅಳತೆಯೇ ಆಟದ ದೊಡ್ಡ ಗುಣವೆಂದು ತೋರುತ್ತದೆ. ಬೆಲೆಯನ್ನು ಮೊದಲೇ ಪಡೆದ ಆಟಕ್ಕೆ ನಮ್ಮನ್ನು ಹಿಡಿದಿಟ್ಟುಕೊಳ್ಳುವ ಗರಜಿಲ್ಲ. ಬಿಟ್ಟಿಯಾಗಿ ದೊರೆಯುವ ಅನೇಕ ಆಟಗಳ ಹಂಚಿಕೆಯೇ ಬೇರೆ. ದಿನವೂ ಬಂದರೆ ಬಹುಮಾನ, ಸೋತರೆ ಅರ್ಧ ತಾಸು ಕಾದು ಮತ್ತೊಂದು ಜೀವ, ಕಾಯಲಾರದವರು ಹಣ ತೆರಬೇಕು; ಕೊನೆಯೆಂಬುದೇ ಇಲ್ಲ.

ಈ ವ್ಯತ್ಯಾಸ ಆರೋಗ್ಯಕ್ಕೆ ಸಂಬಂಧಿಸಿದ್ದು. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಆಟದ ಗೀಳಿಗೂ ಸ್ಥಾನ ದೊರೆತಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಅದೇ ಮುಖ್ಯವಾಗುವುದು, ಕೇಡಾದರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಇವು ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕು. ಆದುದರಿಂದ ರಜೆಯಲ್ಲಿ ಎರಡು ದಿನ ಆಡಿದ ಮಗುವಿಗೆ ರೋಗದ ಹೆಸರು ಹಚ್ಚುವುದು ಬೇಡ.

ಹಾಗೆಂದು ಶಾಂತವಾದ ಆಟವು ಔಷಧಿಯೂ ಅಲ್ಲ. ಬಿಡದೆ ಕಾಡುವ ಆತಂಕಕ್ಕೆ, ನಿದ್ರಾಹೀನತೆಗೆ ವೈದ್ಯರನ್ನೇ ಕಾಣಬೇಕು. ಸಂಜೆ ಕೆಲಸ ಮುಗಿದ ಮೇಲೆ ಕುಳಿತು ಒಂದು ಅಧ್ಯಾಯ ಆಡಬಹುದು. ಹಾಸಿಗೆಗೆ ಹೋಗುವಾಗ ಮೊಬೈಲ್ ಹೊರಗಿನ ಕೋಣೆಯಲ್ಲಿಯೇ ಇರಲಿ.