ಹಿಟ್ ಹಾಡಿಲ್ಲದ ಬ್ಯಾಂಡಿಗೆ ಊರು ಕೊಟ್ಟ ಸೇತುವೆ

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ನದಿ ದಾಟಲು ಹಲವು ಸೇತುವೆಗಳಿವೆ. ಒಂದಕ್ಕೆ ವಿಕ್ಟೋರಿಯಾ ರಾಣಿಯ ಹೆಸರು, ಇನ್ನೊಂದಕ್ಕೆ ಕ್ಯಾಪ್ಟನ್ ಕುಕ್‌ನದು. 2010ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಸೇತುವೆಗೆ ಮಾತ್ರ ಒಂದು ರಾಕ್ ಬ್ಯಾಂಡಿನ ಹೆಸರಿದೆ: ಗೋ ಬಿಟ್ವೀನ್ ಸೇತುವೆ. ಆ ಹೆಸರನ್ನು ಆರಿಸಿದ್ದು ಊರಿನ ಜನ. ತಮಾಷೆಯೆಂದರೆ, 'ದಿ ಗೋ-ಬಿಟ್ವೀನ್ಸ್' ಎಂಬ ಆ ಬ್ಯಾಂಡಿನ ಒಂದು ಹಾಡೂ ಸ್ವಂತ ದೇಶದ ಟಾಪ್ 40 ಪಟ್ಟಿಯನ್ನು ಏರಿದ್ದಿಲ್ಲ. ಬ್ಯಾಂಡಿಗೆ ಹಾಡು ಕಟ್ಟಿ ಹಾಡುತ್ತಿದ್ದವರು ಇಬ್ಬರು. ಅವರಲ್ಲಿ ಗ್ರಾಂಟ್ ಮೆಕ್ಲೆನನ್ ಸೇತುವೆ ಆಗುವ ಹೊತ್ತಿಗೆ ಬದುಕಿರಲಿಲ್ಲ.

ಗ್ರಾಂಟ್ ಹುಟ್ಟಿದ್ದು 1958ರ ಫೆಬ್ರವರಿ 12ರಂದು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಕ್‌ಹ್ಯಾಂಪ್ಟನ್‌ನಲ್ಲಿ. ಅಪ್ಪ ಡಾಕ್ಟರು, ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ಅಮ್ಮ ಮರುಮದುವೆಯಾಗಿ, ಉತ್ತರದ ಕಡೆ ದನ ಮೇಯುವ ಜಮೀನಿಗೆ ಹೋಗಿ ನೆಲೆಸಿದರು. ಹುಡುಗ ಬ್ರಿಸ್ಬೇನ್‌ನ ಬೋರ್ಡಿಂಗ್ ಶಾಲೆ ಸೇರಿದ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅವನಿಗೆ ರಾಬರ್ಟ್ ಫಾರ್ಸ್ಟರ್ ಜೊತೆಯಾದ. ಗ್ರಾಂಟ್‌ಗೆ ಸಿನಿಮಾ ಮತ್ತು ಪುಸ್ತಕಗಳ ಹುಚ್ಚು. ವಾದ್ಯ ಒಂದೂ ಬಾರದು. ಆದರೂ ರಾಬರ್ಟ್‌ಗೆ ಬೇಕಾಗಿದ್ದವನು ಅವನೇ. ನುರಿತ ವಾದ್ಯಗಾರನನ್ನು ಹುಡುಕುವ ಬದಲು ಗೆಳೆಯನಿಗೇ ಬೇಸ್ ಗಿಟಾರ್ ಹಿಡಿಯಲು ಕಲಿಸಿದ. 1977ರ ಕೊನೆಗೆ ಬ್ಯಾಂಡ್ ಹುಟ್ಟಿತು. ಮರುವರ್ಷ ಬಂದ ಮೊದಲ ಹಾಡು ಹಾಲಿವುಡ್ ನಟಿ ಲೀ ರೆಮಿಕ್ ಮೇಲೆ!

ಆಗಿನ ಬ್ರಿಸ್ಬೇನ್ ಹಾಡುವವರಿಗೆ ಹೇಳಿಮಾಡಿಸಿದ ಊರೇನಲ್ಲ. 1968ರಿಂದ 1987ರವರೆಗೆ ಜೋ ಬ್ಯೆಲ್ಕಿ-ಪೀಟರ್ಸನ್ ಕ್ವೀನ್ಸ್‌ಲ್ಯಾಂಡಿನ ಪ್ರೀಮಿಯರ್, ಅಂದರೆ ರಾಜ್ಯದ ಮುಖ್ಯಮಂತ್ರಿ. 1977ರಲ್ಲಿ ಆತ ಬೀದಿ ಮೆರವಣಿಗೆಗಳನ್ನೇ ನಿಷೇಧಿಸಿದ. ಉದ್ದ ಕೂದಲಿನ ಹುಡುಗರೆಂದರೆ ಪೊಲೀಸರಿಗೆ ಅನುಮಾನ. ಊರಿನ ಇನ್ನೊಂದು ಬ್ಯಾಂಡ್ 'ದಿ ಸೇಂಟ್ಸ್' ಸಿಟ್ಟನ್ನು ಗಂಟಲು ಹರಿಯುವಂತೆ ಹಾಡಿ ಹೊರಹಾಕಿತು. ಗ್ರಾಂಟ್ ಮತ್ತು ರಾಬರ್ಟ್ ಕೂಗಲಿಲ್ಲ. ಪ್ರೀತಿ, ಪುಸ್ತಕ, ಮಳೆ ಎಂದು ಹಾಡಿಕೊಂಡರು. ಒರಟುತನವೇ ಗಂಡಸುತನ ಎನ್ನುವ ಊರಿನಲ್ಲಿ ಅದಕ್ಕೂ ಎದೆಗಾರಿಕೆ ಬೇಕು.

1982ರಲ್ಲಿ ಅವರು ಲಂಡನ್ನಿಗೆ ಹೋದರು. ಕೈಯಲ್ಲಿ ಕಾಸಿಲ್ಲ. ಆಸ್ಟ್ರೇಲಿಯಾದವನೇ ಆದ ಗಾಯಕ ನಿಕ್ ಕೇವ್‌ನ ಗಿಟಾರ್ ಒಂದು ದಿನ ಗ್ರಾಂಟ್‌ನ ಕೈಗೆ ಸಿಕ್ಕಿತು. ಅದರಲ್ಲಿ ಹುಟ್ಟಿದ್ದು 'ಕ್ಯಾಟಲ್ ಆ್ಯಂಡ್ ಕೇನ್'. ದನ ಮತ್ತು ಕಬ್ಬು, ಅಷ್ಟೇ. ಕಬ್ಬಿನ ಗದ್ದೆಗಳ ನಡುವೆ ಮನೆಗೆ ಬರುವ ಶಾಲಾ ಹುಡುಗ, ಅಪ್ಪನ ಕೈಗಡಿಯಾರ ಕಳೆದುಕೊಂಡವನು, ಇನ್ನೂ ದೊಡ್ಡ ಲೋಕದಲ್ಲಿ ಪುಸ್ತಕಗಳ ನಡುವೆ ಬೆಳೆದವನು: ಮೂರು ನಾಲ್ಕು ಚಿತ್ರಗಳಲ್ಲಿ ಒಂದು ಬಾಲ್ಯ ಮುಗಿದೇಹೋಗುತ್ತದೆ. ಊರು ಬಿಟ್ಟವನ ಹಾಡಾದರೂ ಹಲುಬುವಿಕೆ ಇಲ್ಲ. ಅದಕ್ಕೆ ಕಾರಣ ತಾಳವೂ ಹೌದು ಎಂದು ನನಗನ್ನಿಸುತ್ತದೆ. ರಾಕ್ ಸಂಗೀತದ ನಾಲ್ಕರ ಎಣಿಕೆ ಬಿಟ್ಟು ಹಾಡು ಹನ್ನೊಂದರ ಎಣಿಕೆಯಲ್ಲಿ ನಡೆಯುತ್ತದೆ. ಡ್ರಮ್ಮರ್ ಲಿಂಡಿ ಮಾರಿಸನ್ ಅದನ್ನು ಎಲ್ಲಿಯೂ ಎಡವದೆ ಹೊತ್ತು ಸಾಗುತ್ತಾಳೆ. ಕೇಳುವವನ ಕಾಲು ಒಂದು ಕಡೆ ತಪ್ಪುತ್ತದೆ, ಕಣ್ಣೀರಿಗೆ ಬಿಡುವು ಸಿಗುವುದಿಲ್ಲ.

ಈ ಹಾಡನ್ನು ಅಮ್ಮನಿಗೆ ಖುಷಿಯಾಗಲೆಂದು ಬರೆದೆ ಎಂದು ಗ್ರಾಂಟ್ ಹೇಳಿಕೊಂಡಿದ್ದ. ಆದರೆ ಅಮ್ಮ ಇದ್ದ ಜಮೀನಿನಲ್ಲಿ ರೆಕಾರ್ಡ್ ಹಾಕಿ ಕೇಳಲು ಬೇಕಾದಷ್ಟು ಕರೆಂಟೇ ಇರಲಿಲ್ಲ. ಮಗ ಫೋನಿನಲ್ಲೇ ಹಾಡಿ ಕೇಳಿಸಬೇಕಾಗಿತ್ತು. 2001ರಲ್ಲಿ ಆಸ್ಟ್ರೇಲಿಯಾದ ಸಂಗೀತಗಾರರ ಹಕ್ಕುಸಂಸ್ಥೆ 'ಆಪ್ರಾ' ದೇಶದ ಸಾರ್ವಕಾಲಿಕ 30 ಶ್ರೇಷ್ಠ ಹಾಡುಗಳನ್ನು ಆರಿಸಿದಾಗ ಇದೂ ಅದರಲ್ಲಿತ್ತು.

ಮುಂದೆ ಒಂದಾದ ಮೇಲೊಂದು ರೆಕಾರ್ಡ್ ಕಂಪನಿ ಬದಲಾದವು. ವಿಮರ್ಶಕರು ಹೊಗಳಿದರು, ಜನ ಕೊಳ್ಳಲಿಲ್ಲ. 1988ರ '16 ಲವರ್ಸ್ ಲೇನ್' ಅವರ ಆರನೆಯ ಆಲ್ಬಂ. ಅದರಲ್ಲಿರುವ ಗ್ರಾಂಟ್‌ನ 'ಸ್ಟ್ರೀಟ್ಸ್ ಆಫ್ ಯುವರ್ ಟೌನ್' ಬೇಸಿಗೆಯ ಬಿಸಿಲಿನಂಥ ಧಾಟಿಯದು. ಆ ಧಾಟಿಯಲ್ಲೇ ಗಂಡನ ಹೊಡೆತ ತಿನ್ನುವ ಹೆಂಗಸರ ಮಾತೂ ಬಂದುಹೋಗುತ್ತದೆ. ಗೆಲ್ಲಲೇಬೇಕಾಗಿದ್ದ ಹಾಡು. ಅದೂ ಗೆಲ್ಲಲಿಲ್ಲ.

1989ರ ಕೊನೆಗೆ ಗ್ರಾಂಟ್ ಮತ್ತು ರಾಬರ್ಟ್ ತಾವಿಬ್ಬರೇ ಕೂತು ಬ್ಯಾಂಡ್ ಮುಗಿಸಲು ತೀರ್ಮಾನಿಸಿ, ಆಮೇಲೆ ಲಿಂಡಿಗೂ ಪಿಟೀಲು ನುಡಿಸುತ್ತಿದ್ದ ಅಮಾಂಡಾ ಬ್ರೌನ್‌ಗೂ ತಿಳಿಸಿದರು. ಅಮಾಂಡಾ ಗ್ರಾಂಟ್‌ನ ಸಂಗಾತಿಯೂ ಆಗಿದ್ದಳು. ಆಕೆ ಅವನನ್ನು ಬಿಟ್ಟು ಹೊರಟಳು. ಬ್ಯಾಂಡಿನ ನಾದಕ್ಕೆ ಅರ್ಧ ಹೊಣೆಯಾಗಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಹೀಗೆ ನಡೆಸಿಕೊಂಡದ್ದು ಸಣ್ಣತನ. ಅವರ ಹಾಡುಗಳನ್ನು ಎಷ್ಟೇ ಮೆಚ್ಚಿದರೂ ಅದನ್ನು ಹೇಳದೆ ಇರಲಾಗದು.

ಗ್ರಾಂಟ್ ಒಂಟಿಯಾಗಿ ಹಾಡುಗಳ ರಾಶಿಯನ್ನೇ ಹಾಕಿದ. 1994ರ 'ಹಾರ್ಸ್‌ಬ್ರೇಕರ್ ಸ್ಟಾರ್' ಎರಡು ಡಿಸ್ಕಿನ ಆಲ್ಬಂ. 2000ದಲ್ಲಿ ಗೆಳೆಯರಿಬ್ಬರೂ ಮತ್ತೆ ಅದೇ ಹೆಸರಿನಲ್ಲಿ ಒಂದಾದರು. 2005ರ 'ಓಷನ್ಸ್ ಅಪಾರ್ಟ್' ಅವರಿಗೆ ಆಸ್ಟ್ರೇಲಿಯಾದ ದೊಡ್ಡ ಸಂಗೀತ ಪ್ರಶಸ್ತಿ 'ಏರಿಯಾ' ತಂದುಕೊಟ್ಟಿತು. ಬ್ಯಾಂಡ್ ಹುಟ್ಟಿ ಆಗಲೇ ಇಪ್ಪತ್ತೇಳು ವರ್ಷ ಕಳೆದಿತ್ತು.

2006ರ ಮೇ 6, ಶನಿವಾರ. ಬ್ರಿಸ್ಬೇನ್‌ನ ಹೊಸ ಮನೆಯಲ್ಲಿ ಅಂದು ಸಂಜೆ ಗೃಹಪ್ರವೇಶದ ಪಾರ್ಟಿ. ತಯಾರಿಯ ನಡುವೆ ಯಾಕೋ ಸುಸ್ತೆಂದು ಮಲಗಿದ ಗ್ರಾಂಟ್ ಏಳಲಿಲ್ಲ. ಹೃದಯಾಘಾತ, ವಯಸ್ಸು 48. ಅವನು ಅರ್ಧ ಬಿಟ್ಟಿದ್ದ ಮೂರು ಹಾಡುಗಳನ್ನು ರಾಬರ್ಟ್ ಪೂರ್ಣಗೊಳಿಸಿ 2008ರ ತನ್ನ 'ದಿ ಇವ್ಯಾಂಜಲಿಸ್ಟ್' ಆಲ್ಬಮ್ಮಿನಲ್ಲಿ ಹಾಡಿದ. 2016ರಲ್ಲಿ 'ಗ್ರಾಂಟ್ ಆ್ಯಂಡ್ ಐ' ಎಂಬ ನೆನಪಿನ ಪುಸ್ತಕ ಬರೆದ. ಗೆಳೆಯನ ಕುಡಿತ, ಒಂಟಿತನ ಯಾವುದನ್ನೂ ಮುಚ್ಚಿಡದ ಪುಸ್ತಕ ಅದು.

ಈ ಹಾಡುಗಳೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ. 'ಕ್ಯಾಟಲ್ ಆ್ಯಂಡ್ ಕೇನ್'ನಿಂದ ಶುರುಮಾಡಿ. ತಾಳ ಕೈಗೆ ಹತ್ತದಿದ್ದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ. ಆಮೇಲೆ '16 ಲವರ್ಸ್ ಲೇನ್' ಪೂರ್ತಿ ಆಲ್ಬಂ, ಮೊದಲ ಹಾಡಿನಿಂದ ಕೊನೆಯವರೆಗೆ, ನಡುವೆ ಯಾವುದನ್ನೂ ಹಾರಿಸದೆ.