ಪುಟ್ಟನ ಬ್ಯಾಗಿನಲ್ಲಿ ಸಿಕ್ಕಿದ್ದು

ನಮ್ಮ ಮನೆಯಲ್ಲಿ ಈ ವರ್ಷ ಎರಡು ಬ್ಯಾಗ್‌ಗಳು ಒಟ್ಟೊಟ್ಟಿಗೇ ಸಿದ್ಧವಾದವು. ಒಂದು ಆಸ್ಪತ್ರೆಗೆ, ಇನ್ನೊಂದು ಶಾಲೆಗೆ. ಆಸ್ಪತ್ರೆಯದರಲ್ಲಿ ಅಪ್ಪನ ಹಳೇ ಪಂಚೆ ಹರಿದು ಮಾಡಿದ ಮೆತ್ತನೆ ಬಟ್ಟೆಗಳು, ಫ್ಲಾಸ್ಕು, ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟುಗಳ ಕವರು. ಶಾಲೆಯದರಲ್ಲಿ ಸ್ಲೇಟು, ಬಳಪ, ನೀರಿನ ಬಾಟಲಿ. ಎರಡನ್ನೂ ಅಮ್ಮ ನಡುಮನೆಯ ಗೋಡೆಗೆ ಅಕ್ಕಪಕ್ಕ ನೇತುಹಾಕಿದ್ದಳು. ತಿಪಟೂರಿನಿಂದ ತುಮಕೂರಿಗೆ ಬೆಳಗಿನ ರೈಲು ಹಿಡಿಯಲು ಓಡುವ ನನ್ನ ಬ್ಯಾಗು ಮೂರನೆಯದು. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಅಕ್ಕ ಎರಡನೇ ಹೆರಿಗೆಗೆಂದು ಏಪ್ರಿಲ್‌ನಲ್ಲಿ ಬಂದಳು, ಜೊತೆಗೆ ಅವಳ ಮಗ ಪುಟ್ಟ. ಭಾವ ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾರೆ. ಶಿಫ್ಟ್ ಕೆಲಸ, ಬಾಡಿಗೆ ಮನೆ, ಮೇಲೆ ಯುಕೆಜಿಗೆ ಕಟ್ಟಿದ ಫೀಸೇ ಇನ್ನೂ ಕೈಸಾಲವಾಗಿ ನಿಂತಿತ್ತು. ಪುಟ್ಟ ಹುಟ್ಟಿದ್ದು 2019ರ ಆಗಸ್ಟ್‌ನಲ್ಲಿ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಇದ್ದಂತೆಯೇ ಇದ್ದಿದ್ದರೆ ಅವನು ಇನ್ನೊಂದು ವರ್ಷ ಮನೆಯಲ್ಲೇ ಇರಬೇಕಿತ್ತು. 2025-26ನೇ ಸಾಲಿಗೆ ಮಾತ್ರ ಎಂದು ಸರ್ಕಾರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಆ ಸುದ್ದಿ ಬಂದ ದಿನ ಅಪ್ಪ ಪೇಪರ್ ಹಿಡಿದುಕೊಂಡು ಬೆರಳು ಮಡಚಿ ತಿಂಗಳು ಎಣಿಸಿದ್ದೇ ಎಣಿಸಿದ್ದು. ಊರಿನ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸುವುದೆಂದು ತೀರ್ಮಾನವಾಯಿತು.

ಶಾಲೆ ಶುರುವಾದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು, ಮಕ್ಕಳಿಗೆ ಸಿಹಿ ಕೊಟ್ಟರು. ನಾನು ರೈಲು ತಪ್ಪಿಸಿಕೊಂಡು ಅವನನ್ನು ಬಿಡಲು ಹೋಗಿದ್ದೆ. ಮೇಷ್ಟ್ರು ಹಾಜರಿ ಕರೆದರು. ಪುಟ್ಟನ ಹೆಸರು ಬಂತು. ಅವನು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದ. ಎರಡನೇ ಸಲ ಕರೆದರು, ಆಗಲೂ ಇಲ್ಲ. ಕೊನೆಗೆ ನಾನೇ ಬಾಗಿಲಲ್ಲಿ ನಿಂತು, "ಲೋ ಪುಟ್ಟ, ನಿನ್ನೇ ಕಣೋ" ಅಂದೆ. ಕ್ಲಾಸೆಲ್ಲ ನಕ್ಕಿತು. ಮನೆಯಲ್ಲಿ ನಾವ್ಯಾರೂ ಅವನನ್ನು ಅವನ ಹೆಸರಿನಿಂದ ಕರೆದೇ ಇರಲಿಲ್ಲ. ವಾಪಸ್ ಬರುವಾಗ ಅವನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ: "ಮಾಮ, ಪಾಪು ಬಂದ ಮೇಲೆ ಪುಟ್ಟ ಯಾರು?"

ಅವನಿಗೆ ಪ್ರಶ್ನೆಗಳು ಹೆಚ್ಚು. ಜೂನ್ ಮೊದಲ ವಾರ ಅಕ್ಕನನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದಾಗ ಅಲ್ಲಿದ್ದ ನರ್ಸಮ್ಮನನ್ನೇ ನಿಲ್ಲಿಸಿ, "ತಮ್ಮನಾ, ತಂಗಿನಾ?" ಎಂದು ಕೇಳಿಬಿಟ್ಟ. ಆಯಮ್ಮ ನಗುತ್ತಾ ಗೋಡೆಯ ಬೋರ್ಡ್ ತೋರಿಸಿದರು. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂದು ಓದಿ ಹೇಳಿದೆ. "ಕೇಳಿದ್ರೆ ಪೊಲೀಸ್ ಹಿಡೀತಾರಾ?" "ಹೇಳಿದವರನ್ನೂ ಹಿಡೀತಾರೆ, ಕೇಳಿದವರನ್ನೂ ಹಿಡೀತಾರೆ." 1994ರ ಕಾಯ್ದೆಯನ್ನು ಐದು ವರ್ಷದವನಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದೋ ಗೊತ್ತಾಗಲಿಲ್ಲ. ಮಾರನೇ ದಿನ ಪಕ್ಕದ ಮನೆಯ ಅಜ್ಜಿ ಅಕ್ಕನ ಹೊಟ್ಟೆ ನೋಡಿ, "ಗಂಡೇ ಕಣವ್ವ, ಬರೆದಿಟ್ಕೋ" ಅಂದರೆ ಪುಟ್ಟ ಓಡಿಬಂದು ಅವರ ಬಾಯಿ ಮುಚ್ಚಿದ. "ಅಜ್ಜಿ, ಸುಮ್ನಿರು, ಪೊಲೀಸ್ ಬರ್ತಾರೆ!"

ಇಷ್ಟೆಲ್ಲ ನಗುವಿನ ನಡುವೆ ಅಕ್ಕನ ಹಿಮೋಗ್ಲೋಬಿನ್ ಒಂಬತ್ತೂವರೆಗೆ ಬಂದು ನಿಂತಿತ್ತು. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆಂದು ನನಗೆ ಗೊತ್ತಾಗಿದ್ದೇ ತಾಯಿ ಕಾರ್ಡ್ ನೋಡಿದ ಮೇಲೆ. ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ವಾಕರಿಕೆ ಬರುತ್ತದೆಂದು ಅವಳು ಅದನ್ನು ದಿಂಬಿನ ಕೆಳಗೆ ಸೇರಿಸುತ್ತಿದ್ದಳು. ಆಶಾ ಕಾರ್ಯಕರ್ತೆ ಬಂದು ಖಾಲಿಯಾಗದ ಹಾಳೆಗಳನ್ನು ನೋಡಿ ಬೈದರು, ಟೀ ಕುಡಿದ ಕೂಡಲೇ ನುಂಗಬೇಡ, ಊಟವಾದ ಮೇಲೆ ನಿಂಬೆಹಣ್ಣಿನ ಪಾನಕದ ಜೊತೆ ತಗೋ ಎಂದರು. ಅಮ್ಮ ನುಗ್ಗೆಸೊಪ್ಪಿನ ಹಿಂದೆ ಬಿದ್ದಳು. ಪುಟ್ಟ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾನೆಂದು ನಮಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ನಮ್ಮದು ಮೊಟ್ಟೆ ತಿನ್ನದ ಮನೆ. ಅವನು ಅರ್ಧ ಬಾಳೆಹಣ್ಣು ತಿಂದು ಉಳಿದರ್ಧ ಬ್ಯಾಗಿಗೆ ಹಾಕಿಕೊಂಡು ಬಂದು, "ರಕ್ತ ಬರುತ್ತೆ ತಿನ್ನಮ್ಮ" ಅನ್ನುತ್ತಿದ್ದ.

ಜೂನ್ ಮೂರನೇ ವಾರ ಅವನು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದ. ಮೊದಲ ದಿನಗಳಲ್ಲಿ ಅತ್ತಿರಲಿಲ್ಲ, ನಲಿ-ಕಲಿ ತರಗತಿಯ ಬಣ್ಣಬಣ್ಣದ ಕಾರ್ಡುಗಳ ಬಗ್ಗೆ ಮನೆಗೆ ಬಂದು ಹರಟುತ್ತಿದ್ದವನು. ಈಗ ಹೊಟ್ಟೆನೋವು ಅನ್ನುತ್ತಾನೆ, ಕಂಬ ಹಿಡಿದುಕೊಂಡು ಕಿರುಚುತ್ತಾನೆ. ಅಪ್ಪ ಗದರಿದರು. ಅಮ್ಮ ದೃಷ್ಟಿ ತೆಗೆದಳು. ಮೇಷ್ಟ್ರು ಹೊಡೆದರೇನೋ ಎಂದು ಅನುಮಾನಪಟ್ಟು ಹೋಗಿ ವಿಚಾರಿಸಿದರೆ ಅಂಥದ್ದೇನೂ ಇಲ್ಲ. ಅವರೇ ಚಿಂತೆಯಲ್ಲಿದ್ದರು.

ಒಂದು ರಾತ್ರಿ ಇಂಟರ್ನಲ್ಸ್‌ಗೆ ಓದುತ್ತಾ ಕುಳಿತಿದ್ದೆ. ಪೆನ್ನಿನ ರೀಫಿಲ್ ಮುಗಿಯಿತು. ಪುಟ್ಟನ ಬ್ಯಾಗಿನಲ್ಲಿ ಪೆನ್ಸಿಲ್ ಇರಬಹುದೆಂದು ತೆಗೆದೆ. ಸ್ಲೇಟಿರಲಿಲ್ಲ, ಕಾರ್ಡುಗಳಿರಲಿಲ್ಲ. ಒಂದು ಚಡ್ಡಿ, ಎರಡು ಅಂಗಿ, ಅವನಪ್ಪ ತಂದುಕೊಟ್ಟಿದ್ದ ಪ್ಲಾಸ್ಟಿಕ್ ಲಾರಿ, ಹಲ್ಲುಜ್ಜುವ ಬ್ರಷ್ಷು. ತಳದಲ್ಲಿ ಕಪ್ಪಾದ ಅರ್ಧ ಬಾಳೆಹಣ್ಣು. ಅವನು ಊರಿಗೆ ಹೊರಡಲು ಬ್ಯಾಗ್ ತುಂಬಿಟ್ಟುಕೊಂಡಿದ್ದ.

ಬೆಳಗ್ಗೆ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ತೋಟದ ಕಡೆ ಹೋಗಿ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಶಾಲೆಗೆ ಹೋದಾಗ ಅಮ್ಮ ಪಾಪು ಎತ್ಕೊಂಡು ಬೆಂಗಳೂರಿಗೆ ಹೋಗ್ತಾಳಲ್ಲ, ಅದಕ್ಕೆ" ಅಂದ. ಯಾರು ಹೇಳಿದ್ದು ಅಂದೆ.

"ನೀನೇ."

ಹೌದು, ನಾನೇ. ಎಂದೋ ಊಟ ಮಾಡದೆ ಸತಾಯಿಸಿದಾಗ, ಪಾಪು ಬಂದ ಮೇಲೆ ನಿನ್ನನ್ನು ಅಜ್ಜಿ ಮನೆಯಲ್ಲೇ ಬಿಟ್ಟು ಹೋಗುತ್ತಾರೆ ನೋಡು ಅಂದಿದ್ದೆ. ಇಂಥ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ಪಕ್ಕದ ಮನೆಯವರು, ಅಂಗಡಿಯವರು, ಬಸ್ಸಿನಲ್ಲಿ ಪಕ್ಕ ಕುಳಿತವರು ಕೂಡ. ಮಗು ಮುಖ ಸಪ್ಪೆ ಮಾಡಿದರೆ ನಕ್ಕು ಗಲ್ಲ ಹಿಂಡುತ್ತಾರೆ. ಆದರೆ ನನ್ನನ್ನು ಕೊರೆದದ್ದು ತಮಾಷೆ ಮಾಡಿದ್ದಲ್ಲ. ಅದು ನಿಜವಾಗಿತ್ತು. ಐದನೇ ತಿಂಗಳಿಗೆ, ಅಂದರೆ ಡಿಸೆಂಬರ್ ನಡುವೆ ಬಾಣಂತಿಯನ್ನು ಕಳಿಸುವುದು, ಮಧ್ಯದಲ್ಲಿ ಟಿ.ಸಿ. ತೆಗೆಸಿ ಶಾಲೆ ಬದಲಿಸುವುದು ಬೇಡ, ಪುಟ್ಟ ವರ್ಷ ಮುಗಿಯುವ ತನಕ ಇಲ್ಲೇ ಇರಲಿ ಎಂದು ದೊಡ್ಡವರೆಲ್ಲ ಮಾತಾಡಿಯಾಗಿತ್ತು. ನಾನೂ ಆ ಮಾತಿನಲ್ಲಿ ಕುಳಿತಿದ್ದೆ. ತೂಕಡಿಸುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಅವನ ವಿಷಯ ತೀರ್ಮಾನಿಸಿದ್ದೆವು. ಅವನು ತೂಕಡಿಸುತ್ತಿದ್ದನೋ ಇಲ್ಲವೋ, ದೇವರಿಗೇ ಗೊತ್ತು.

ಆ ಭಾನುವಾರ ಭಾವ ಬಂದರು. ಬ್ಯಾಗಿನ ವಿಷಯ ಹೇಳಿದೆ. ಅಕ್ಕ ಅತ್ತಳು. "ಚಿಕ್ಕ ಹುಡುಗ, ಹೇಳಿದ್ರೆ ಇನ್ನೂ ಗಲಾಟೆ ಮಾಡ್ತಾನೆ, ಹಂಗೇ ಮರೀತಾನೆ ಬಿಡು" ಎಂದರು ಅಪ್ಪ. ಅವರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಅಂದು ಮಾತ್ರ, "ಅವನು ಮರೆತಿದ್ರೆ ಬಟ್ಟೆ ತುಂಬ್ಕೊತಿರಲಿಲ್ಲಪ್ಪ" ಅಂದೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭಾವ ಎದ್ದು ಪುಟ್ಟನನ್ನು ಕರೆದು ಮುಂದೆ ಕೂರಿಸಿಕೊಂಡರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಮ್ಮ, ಪಾಪು ಮೊದಲು ಹೋಗುತ್ತಾರೆ, ನೀನು ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಬರ್ತೀಯ, ದುಡ್ಡಿನ ತೊಂದರೆ ಇದೆ ಅಂತ ಕೂಡ.

ನಾವು ಕಾದಿದ್ದ ಗಲಾಟೆ ಆಗಲೇ ಇಲ್ಲ. "ಏಪ್ರಿಲ್ ಅಂದ್ರೆ ಎಷ್ಟು ಭಾನುವಾರ?" ಎಂದು ಕೇಳಿದ. ಅವನಿಗೆ ಭಾನುವಾರವೆಂದರೆ ಅಪ್ಪ ಬರುವ ದಿನ. ನಾನು ಮೊಬೈಲ್ ತೆಗೆದು ಎಣಿಸಿದೆ. ಡಿಸೆಂಬರ್ 14ರಿಂದ ಏಪ್ರಿಲ್ 5ರವರೆಗೆ 17. "ಹದಿನೇಳರಲ್ಲಿ ಎಷ್ಟು ಬರ್ತೀಯ?" ಭಾವ ಆರು ಅಂದರು. ಅವನು ಎಲ್ಲಾ ಅಂದ. ಶಿಫ್ಟ್, ರೈಲು, ಖರ್ಚು ಎಲ್ಲ ಲೆಕ್ಕ ಹಾಕಿ ಒಂಬತ್ತಕ್ಕೆ ಒಪ್ಪಂದವಾಯಿತು. ಅದರಲ್ಲಿ ಸಂಕ್ರಾಂತಿಗೆ ಅಮ್ಮನೂ ಪಾಪುವೂ ಬರಬೇಕು. ಕೊಬ್ಬರಿ ವ್ಯಾಪಾರದಲ್ಲಿ ಅಪ್ಪ ಕೂಡ ಇಷ್ಟು ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ. ಒಪ್ಪಂದವನ್ನು ಕ್ಯಾಲೆಂಡರಿನ ಹಿಂದೆ ಬರೆದು ಭಾವನ ಹತ್ತಿರ ಸಹಿ ಹಾಕಿಸಿಕೊಂಡ. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇದೆ. ಸೋಮವಾರ ಬ್ಯಾಗಿನಿಂದ ಬಟ್ಟೆ ತೆಗೆದು ಸ್ಲೇಟು ಹಾಕಿಕೊಂಡು ಹೋದ. ಹೊಟ್ಟೆನೋವು ಪೂರ್ತಿ ನಿಂತಿತು ಅಂತಲ್ಲ, ಈಗಲೂ ಕೆಲವು ದಿನ ಬರುತ್ತದೆ.

ಜುಲೈ ಮೂರನೇ ವಾರ, ಮಾತ್ರೆ ತಪ್ಪಿಸದೆ ನುಂಗಿ, ಮೇಲೆ ಕಬ್ಬಿಣಾಂಶದ ಡ್ರಿಪ್ಪನ್ನೂ ಹಾಕಿಸಿಕೊಂಡು ಹತ್ತೂವರೆ ದಾಟಿದ್ದ ಅಕ್ಕನಿಗೆ ಹೆಣ್ಣು ಮಗುವಾಯಿತು. ಎರಡು ಕೆಜಿ ಎಂಟುನೂರು ಗ್ರಾಂ. ಸಂಜೆ ಪುಟ್ಟನನ್ನು ಶಾಲೆಯಿಂದ ಯೂನಿಫಾರ್ಮಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪಂಚೆ ಬಟ್ಟೆಯಲ್ಲಿ ಸುತ್ತಿದ್ದ ತಂಗಿಯನ್ನು ಒಂದು ನಿಮಿಷ ನೋಡಿ, ಸುತ್ತಮುತ್ತ ಕಣ್ಣಾಡಿಸಿ ಕೇಳಿದ, "ಇವಳ ಬ್ಯಾಗ್ ಎಲ್ಲಿ?" ಅಕ್ಕ ಮಂಚದ ಕೆಳಗೆ ತೋರಿಸಿದಳು. ಸಮಾಧಾನವಾದವನಂತೆ ತನ್ನ ಬ್ಯಾಗ್ ಬಿಚ್ಚಿ ಅರ್ಧ ಬಾಳೆಹಣ್ಣು ತೆಗೆದ. ಅಮ್ಮ ತಡೆದಳು, "ಬಾಣಂತಿಗೆ ಶೀತ ಆಯ್ತದೆ, ಕೊಡಬಾರ್ದು ಕಣಪ್ಪ." ಪಾಪುವಿನ ಕಡೆ ನೋಡಿದ. ಅವಳಿಗೆ ಹಲ್ಲಿಲ್ಲ ಎಂದು ತಾನೇ ಹೇಳಿಕೊಂಡ.

"ಸರಿ ಮಾಮ, ನೀನೇ ತಿನ್ನು" ಎಂದು ನನ್ನ ಕೈಗಿಟ್ಟ.