ಬಂಡೂರು ಕುರಿಯ ರಕ್ತ ಏನು ಹೇಳುತ್ತೆ?

ಮಳವಳ್ಳಿ ತಾಲ್ಲೂಕಿನಲ್ಲಿ ಬಂಡೂರು ಅಂತ ಒಂದು ಊರಿದೆ. ಬಂಡೂರು ಕುರಿಗೆ ಆ ಊರಿನ ಹೆಸರೇ ಬಂದಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಾವು ಈ ಕುರಿಯನ್ನು ಚೆನ್ನಾಗಿ ಬಲ್ಲೆವು. ಗಿಡ್ಡ ಕಾಲು. ತುಂಬಿದ ಮೈ. ಕೊಂಬಿಲ್ಲ. ಹಿಂದೆ ನಿಂತು ನೋಡಿದರೆ ಎರಡು ತೊಡೆ ಸೇರಿ ಕಮಾನಿನ ಹಾಗೆ ಕಾಣುತ್ತೆ. ಮಾಂಸ ಮೆತ್ತಗೆ. ಅದಕ್ಕೇ ಬೆಲೆ ಜಾಸ್ತಿ.

ಬೆಲೆ ಜಾಸ್ತಿ ಇದ್ದ ಕಡೆ ಮೋಸವೂ ಇರುತ್ತೆ. ಸಂತೆಯಲ್ಲಿ ಬೆರಕೆ ಮರಿಯನ್ನು ಬಂಡೂರು ಅಂತ ಮಾರ್ತಾರೆ. ಸಾಲ ಮಾಡಿ ತಂದಿರುತ್ತೇವೆ. ಮರಿ ಬೆಳೆದು ಕಾಲು ಉದ್ದ ಆದಾಗ ಗೊತ್ತಾಗುತ್ತೆ! ಕಣ್ಣಿಗೆ ಕಾಣದ್ದನ್ನು ತಿಳಿಯೋದು ಹೇಗೆ?

ವಿಜ್ಞಾನಿಗಳು ಕುರಿಯ ರಕ್ತ ಸ್ವಲ್ಪ ತೆಗೀತಾರೆ. ರಕ್ತದಲ್ಲಿ ಡಿ.ಎನ್.ಎ. ಎಂಬ ಬಲು ಸಣ್ಣ ಎಳೆ ಇದೆ. ಆ ಎಳೆಯಲ್ಲಿ ಕೆಲವು ಕಡೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತೆ. ಸರದಲ್ಲಿ ಪೋಣಿಸಿದ ಮಣಿಗಳ ಹಾಗೆ. ಒಂದು ಕುರಿಗೆ 10 ಮಣಿ ಇದ್ದರೆ ಇನ್ನೊಂದಕ್ಕೆ 14 ಇರಬಹುದು. ಇದೇ ಗುರುತು. ಇದಕ್ಕೆ ಮೈಕ್ರೋಸ್ಯಾಟಲೈಟ್ ಅಂತಾರೆ. ಹೆಸರು ಮರೆತರೂ ಚಿಂತೆಯಿಲ್ಲ, ಮಣಿಸರ ನೆನಪಿರಲಿ.

ಮರಿಗೆ ಒಂದು ಸರ ತಾಯಿಯಿಂದ ಬರುತ್ತೆ. ಇನ್ನೊಂದು ಟಗರಿನಿಂದ. ಒಂದೇ ಜಾಗ ನೋಡಿದರೆ ಸಾಲದು. ಹತ್ತಾರು ಜಾಗ, ಹತ್ತಾರು ಕುರಿ ನೋಡಬೇಕು. ಬೇರೆ ತಳಿಯ ಸರಗಳ ಜೊತೆ ಹೋಲಿಸಿದರೆ ಬೆರಕೆ ಎಷ್ಟು ಅಂತ ಅಂದಾಜು ಸಿಗುತ್ತೆ. ಮಂಡ್ಯ ಕುರಿಯನ್ನೂ ಹೀಗೆ ಪರೀಕ್ಷೆ ಮಾಡಿದ್ದಾರೆ. ದಾಖಲೆಗಳಲ್ಲಿ ನಮ್ಮ ಬಂಡೂರು ಕುರಿಗೆ ಮಂಡ್ಯ ತಳಿ ಎಂದೇ ಹೆಸರು.

ಈ ಸರ ಇನ್ನೊಂದು ಗುಟ್ಟನ್ನೂ ಹೇಳುತ್ತೆ. ಹಿಂಡಿನಲ್ಲಿ ಬೇರೆ ಬೇರೆ ಉದ್ದದ ಸರ ಇದ್ದರೆ ಒಳ್ಳೆಯದು. ಮರಿಗಳಿಗೆ ಎರಡು ಕಡೆಯಿಂದಲೂ ಒಂದೇ ಉದ್ದದ ಸರ ಬರ್ತಾ ಇದ್ದರೆ? ನಂಟರೊಳಗೇ ಮರಿ ಹುಟ್ಟುತ್ತಿವೆ ಅಂತ ಅರ್ಥ.

ಇದು ಹೇಗಾಗುತ್ತೆ ನೋಡಿ. ನಮ್ಮ ಹತ್ತಿರ ನಾಲ್ಕು ಕುರಿ. ಟಗರು ಪಕ್ಕದ ಮನೆಯದು. ಅದರ ಹೆಣ್ಣುಮರಿಗಳು ಬೆಳೆದು ಅದೇ ಟಗರಿಗೆ ಗಬ್ಬ ಆಗ್ತವೆ. ಹೀಗೇ ನಡೆದರೆ ಮರಿ ಸಣ್ಣಗೆ ಹುಟ್ಟಬಹುದು, ಬೇಗ ಸಾಯಬಹುದು. ನಾವು ಯಾರ ಕಣ್ಣೋ ಬಿತ್ತು ಅಂತೀವಿ. ಸೊಸೆ ತರುವಾಗ ಮೂರು ತಲೆಮಾರು ವಿಚಾರಿಸ್ತೀವಿ, ಟಗರು ತರುವಾಗ ಬಾಯಿ ಬಿಡೋದಿಲ್ಲ!

ಮನೆಯಲ್ಲಿ ರಕ್ತ ಪರೀಕ್ಷೆ ಆಗೋ ಮಾತಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಬಹುದು. ದೂರದ ಊರಿನ ಹಿಂಡಿನಿಂದ ಬಂಡೂರು ಟಗರನ್ನೇ ತರಬೇಕು. ಅದರ ತಾಯಿ ಯಾವುದು, ತಂದೆ ಯಾವುದು ಅಂತ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಈಗ ಬರೆಯೋಕೆ ಬರುತ್ತಲ್ಲ! ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರ ಇದೆ. ಟಗರಿಗಾಗಿ ಅಲ್ಲಿ ವಿಚಾರಿಸಿ. ಇಲ್ಲವೆ ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿ.